ಒಳಗೋಡೆಯ ಬಣ್ಣ ಕೆಟ್ಟರೆ: ರಾಯಚೂರು ಸೀಮೆಯ ಮನೆಗಳಿಗೆ ಒಂದು ಮಾರ್ಗದರ್ಶಿ

ಬಣ್ಣ ಹಚ್ಚಿ ಮುಗಿಸಿ, ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ತಪ್ಪುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಪಟ್ಟೆ ಪಟ್ಟೆಯಾಗಿ ಎದ್ದು ಕಾಣುವ ರೋಲರ್ ಗುರುತು, ಕೆಳಗಿಳಿದು ಅಲ್ಲೇ ಒಣಗಿದ ಹನಿ, ಪುಟ್ಟಿ ತುಂಬಿದ ಕಡೆ ಮಂಕು ಮಚ್ಚೆ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಇನ್ನೊಂದು ಕೈ ಹೊಡದ್ರ ಮುಚ್ಚತದ ಬಿಡ್ರಿ." ಮುಚ್ಚುವುದಿಲ್ಲ. ಹನಿಯ ಮೇಲೆ ಹಚ್ಚಿದರೆ ಹನಿ ಇನ್ನಷ್ಟು ದಪ್ಪವಾಗುತ್ತದೆ. ಉಪ್ಪು ಎದ್ದ ಗೋಡೆಯ ಮೇಲೆ ಹಚ್ಚಿದರೆ ಹೊಸ ಬಣ್ಣವೂ ಹಳೆಯದರ ಜೊತೆ ಕಿತ್ತು ಬರುತ್ತದೆ. ಕೆಟ್ಟ ಗೋಡೆಯನ್ನು ಸರಿಪಡಿಸುವ ಕೆಲಸದಲ್ಲಿ ಬಣ್ಣ ಹಚ್ಚುವುದು ಕೊನೆಯ ಸಣ್ಣ ಪಾಲು ಮಾತ್ರ. ಉಳಿದದ್ದೆಲ್ಲ ಕಾಯುವುದು, ಕೆರೆಯುವುದು, ಉಜ್ಜುವುದು, ಒರೆಸುವುದು.

ಡಬ್ಬಿಯ ಮೇಲಿನ ಸೂಚನೆಗಳು ಸಾಧಾರಣ ಹವೆಗೆ ಬರೆದವು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಬೋರಿನ ಸವಳು ನೀರು ಕಲಸಿ, ಎರೆಮಣ್ಣಿನ ಮೇಲೆ ಕಟ್ಟಿದ ಮನೆಗೆ ಹಚ್ಚುವಾಗ ಅಷ್ಟನ್ನೇ ನೆಚ್ಚಿಕೊಂಡರೆ ಸಾಲದು. ಈ ಬರಹ ಮುಖ್ಯವಾಗಿ ರಾಯಚೂರಿನ ಮನೆಗಳನ್ನು ಕಣ್ಮುಂದೆ ಇಟ್ಟುಕೊಂಡದ್ದು. ಕೊಪ್ಪಳ, ಬಳ್ಳಾರಿ ಕಡೆಯವರಿಗೂ ಹೆಚ್ಚುಕಡಿಮೆ ಇದೇ ಸಾಕು.

ಮೊದಲು ತಪ್ಪು ಎಲ್ಲಿಯದು ಎಂದು ನೋಡಿ

ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯ ಮೈಮೇಲೆ ಹರಿಯುವಂತೆ ಬಿಡಿ. ಉಬ್ಬು, ತಗ್ಗು, ಹನಿ, ಕೂದಲಿನಂಥ ಎಳೆ ಎಲ್ಲಕ್ಕೂ ನೆರಳು ಬೀಳುತ್ತದೆ. ಸೀಸದಕಡ್ಡಿಯಿಂದ ಮೆಲ್ಲಗೆ ಸುತ್ತು ಹಾಕಿ ಗುರುತು ಮಾಡಿಕೊಳ್ಳಿ. ಪೆನ್ನು, ಸ್ಕೆಚ್‌ಪೆನ್ನು ಬೇಡ, ಅವುಗಳ ಶಾಯಿ ಹೊಸ ಬಣ್ಣದೊಳಗಿಂದ ಮೇಲಕ್ಕೆ ಬರುತ್ತದೆ.

ಹಚ್ಚಿದ ದಿನವೇ ಕಂಡ ತಪ್ಪು ಸಾಮಾನ್ಯವಾಗಿ ಕೈಯದು, ಇಲ್ಲವೇ ಬಿಸಿಲಿನದು. ವಾರಗಳ ಮೇಲೆ, ಅದೂ ಗೋಡೆಯ ಬುಡದಲ್ಲಿ ಕಂಡರೆ ತೇವ ಮತ್ತು ಉಪ್ಪಿನದು. ಉಗುರು ಹಾಕಿದರೆ ಹಾಳೆಯಂತೆ ಎದ್ದು ಬಂದರೆ ಅಡಿಯಲ್ಲಿ ಹಳೆಯ ಸುಣ್ಣವೋ ಎಣ್ಣೆ ಬಣ್ಣವೋ ಇದೆ. ಕೈಯ ತಪ್ಪನ್ನು ಒಂದು ದಿನದಲ್ಲಿ ಸರಿಮಾಡಬಹುದು. ಗೋಡೆಯ ತಪ್ಪಿಗೆ ತಿಂಗಳೂ ಹಿಡಿಯಬಹುದು. ಮನೆಯಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಂಡಿದ್ದರೆ ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ಸಾಮಾನು ಹೆಚ್ಚೇನೂ ಬೇಡ. ನಾಲ್ಕು ಇಂಚಿನ ಪುಟ್ಟಿ ಬ್ಲೇಡ್, 120, 220, 320 ನಂಬರಿನ ಎಮರಿ ಪೇಪರ್, ಗಟ್ಟಿ ನಾರಿನ ಬ್ರಷ್, ಹಳೆಯ ಹತ್ತಿ ಬಟ್ಟೆ, ಮಾಸ್ಕ್, ಒಂದು ಲೀಟರ್ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ಅಡಿಲೇಪ). ಸ್ವಿಚ್‌ಬೋರ್ಡಿನ ಸುತ್ತ ಒದ್ದೆ ಬಟ್ಟೆ ಆಡಿಸುವ ಮೊದಲು ಮೇನ್ ಆಫ್ ಮಾಡಿ. ಇದನ್ನು ಯಾವ ಅವಸರದಲ್ಲೂ ಮರೆಯಬೇಡಿ.

ಬಿಸಿಲಿನಿಂದಾದ ಪಟ್ಟೆಗಳು

ನಮ್ಮ ಕಡೆ ಅತಿ ಹೆಚ್ಚಾಗಿ ಕಾಣುವ ತಪ್ಪು ಇದು. ಒಂದು ಪಟ್ಟಿ ಹಚ್ಚಿ, ರೋಲರನ್ನು ಮತ್ತೆ ಬಣ್ಣದಲ್ಲಿ ಅದ್ದಿ ಬರುವಷ್ಟರಲ್ಲಿ ಮೊದಲ ಪಟ್ಟಿಯ ಅಂಚು ಒಣಗಿರುತ್ತದೆ. ಎರಡನೆಯ ಪಟ್ಟಿ ಆ ಒಣ ಅಂಚಿನ ಮೇಲೆ ಕೂರುತ್ತದೆ. ಅಲ್ಲಿ ಎರಡು ಪದರ, ಪಕ್ಕದಲ್ಲಿ ಒಂದು. ಬಣ್ಣ ಗಾಢವಾಗಿದ್ದಷ್ಟೂ ಪಟ್ಟೆ ಎದ್ದು ಕಾಣುತ್ತದೆ. ಪಡುವಣ ಗೋಡೆಯಂತೂ ಮಧ್ಯಾಹ್ನದ ಬಿಸಿಲಿಗೆ ಕಾದು ಸಂಜೆ ಆರು ಗಂಟೆಗೂ ಒಳಗಿನಿಂದ ಬೆಚ್ಚಗಿರುತ್ತದೆ. ಅಂಗೈ ಇಟ್ಟು ನೋಡಿ. ಬಿಸಿ ತಾಗಿದರೆ ಆ ಗೋಡೆಗೆ ಅಂದು ಬಣ್ಣ ಬೇಡ.

ಸರಿಪಡಿಸುವುದು ಹೀಗೆ. ಬಣ್ಣ ಪೂರ್ತಿ ಒಣಗಲು ಒಂದು ಇಡೀ ದಿನ ಬಿಡಿ. ಬಿಸಿಲುಗಾಲದಲ್ಲಿ ಅರ್ಧ ತಾಸಿಗೆ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಆಗ ಉಜ್ಜಿದರೆ ಬಣ್ಣ ಉಂಡೆಯಾಗಿ ಕಿತ್ತು ಬರುತ್ತದೆ. ಒಣಗಿದ ಮೇಲೆ 220 ನಂಬರಿನ ಎಮರಿಯನ್ನು ಮರದ ತುಂಡಿಗೆ ಸುತ್ತಿ, ಪಟ್ಟೆಗಳ ಅಂಚನ್ನು ಅಡ್ಡಡ್ಡ ಉಜ್ಜಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಏಣು ತಾಗಬಾರದು, ಅಲ್ಲಿಯವರೆಗೆ ಉಜ್ಜಬೇಕು. ಹಿಂಡಿದ ಒದ್ದೆ ಬಟ್ಟೆಯಿಂದ ಪುಡಿ ಒರೆಸಿ, ಆರಲು ಬಿಡಿ.

ಆಮೇಲೆ ಇಡೀ ಗೋಡೆಗೆ ಮೂಲೆಯಿಂದ ಮೂಲೆಗೆ ಒಂದು ಕೈ ಹಚ್ಚಬೇಕು. ಪಟ್ಟೆ ಇದ್ದಲ್ಲಿ ಮಾತ್ರ ಹಚ್ಚಿದರೆ ಹೊಸ ಪಟ್ಟೆ ಹುಟ್ಟುತ್ತದೆ. ಬೆಳಗಿನ ಆರಕ್ಕೆ ಶುರುಮಾಡಿ ಒಂಬತ್ತರೊಳಗೆ ಮುಗಿಸಿ. ಫ್ಯಾನ್ ಬಂದ್, ಕೂಲರ್ ಬಂದ್, ಬಿಸಿಗಾಳಿ ಬರುವ ಕಿಟಕಿಯೂ ಬಂದ್. ಗೋಡೆ ಮುಗಿದು ಎರಡು ತಾಸಾದ ಮೇಲೆ ಕಿಟಕಿ ತೆಗೆದರೆ ಸಾಕು. ಇಬ್ಬರಿದ್ದರೆ ಬಹಳ ಅನುಕೂಲ: ಒಬ್ಬರು ಬ್ರಷ್ಷಿನಿಂದ ಮೂಲೆ, ಅಂಚು ಹಿಡಿದು ಹೋಗುತ್ತಿದ್ದರೆ ಇನ್ನೊಬ್ಬರು ಅದು ಹಸಿ ಇರುವಾಗಲೇ ರೋಲರ್ ಓಡಿಸಬಹುದು. ಒಬ್ಬರೇ ಇದ್ದರೆ ನಾಲ್ಕೂ ಬದಿಯ ಅಂಚನ್ನು ಒಮ್ಮೆಲೇ ಮುಗಿಸಿಡಬೇಡಿ. ಮೂರಡಿ ಅಂಚು, ಮೂರಡಿ ರೋಲರ್, ಮತ್ತೆ ಮೂರಡಿ ಅಂಚು ಎಂದು ಹೋಗಿ. ನಡುವೆ ಫೋನ್ ಬಂದರೂ ಎತ್ತಬೇಡಿ. ಗೋಡೆಯ ಅರ್ಧಕ್ಕೆ ನಿಲ್ಲಿಸಿದ ಗೆರೆ ಖಂಡಿತ ಉಳಿಯುತ್ತದೆ.

ಬಣ್ಣ ಬೇಗ ಒಣಗುತ್ತದೆಂದು ಮನಸ್ಸಿಗೆ ಬಂದಷ್ಟು ನೀರು ಸುರಿಯುವುದು ಇನ್ನೊಂದು ಕೆಡುಕು. ಡಬ್ಬಿಯ ಮೇಲೆ ಬರೆದ ಪ್ರಮಾಣದೊಳಗೇ ಇರಿ, ಅಳೆದು ಹಾಕಿ. ನೀರು ಹೆಚ್ಚಾದರೆ ಬಣ್ಣ ತೆಳುವಾಗಿ ಅಡಿಯದು ಕಾಣುತ್ತದೆ, ಒಣಗಿದ ಮೇಲೆ ಕೈಗೆ ಪುಡಿಯೂ ಅಂಟುತ್ತದೆ. ಆ ನೀರು ಕುಡಿಯುವ ನೀರೇ ಆಗಿರಲಿ. ಬಕೆಟ್ಟಿನ ತಳದಲ್ಲಿ ಬಿಳಿ ಪೊರೆ ಕಟ್ಟುವ ಬೋರಿನ ನೀರು ಬಟ್ಟೆ ಒಗೆಯಲೂ ಒಗ್ಗುವುದಿಲ್ಲ, ಬಣ್ಣಕ್ಕೆ ಹೇಗೆ ಒಗ್ಗೀತು?

ಹನಿ, ಎಳೆ, ಧೂಳು

ಇಳಿದ ಹನಿಯನ್ನು ಹಸಿ ಇದ್ದಾಗಲೇ ಕಂಡರೆ ಒಣ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದುಬಿಡಿ. ಅರೆ ಒಣಗಿದ್ದರೆ ಮುಟ್ಟಬೇಡಿ, ಚರ್ಮ ಸುಲಿದಂತೆ ಹರಿದು ಗೋಡೆಯಲ್ಲಿ ಹಳ್ಳ ಬೀಳುತ್ತದೆ. ಒಂದು ದಿನ ಬಿಟ್ಟು, ಬ್ಲೇಡನ್ನು ಗೋಡೆಗೆ ಓರೆಯಾಗಿಟ್ಟು ಉಬ್ಬನ್ನು ಕೆತ್ತಿ ತೆಗೆಯಿರಿ. ಒಳಗೆ ಇನ್ನೂ ಮೆತ್ತಗಿದ್ದರೆ ಅಲ್ಲಿಗೇ ನಿಲ್ಲಿಸಿ ಮತ್ತೊಂದು ದಿನ ಕಾಯಿರಿ. ಆಮೇಲೆ 220ರ ಎಮರಿ, ಒದ್ದೆ ಬಟ್ಟೆ, ತೆಳುವಾಗಿ ಒಂದು ಕೈ.

ಗೋಡೆಗೆ ಅಂಟಿದ ಕೂದಲಿನಂಥ ಎಳೆಗಳು ಹೊಸ ರೋಲರಿನವು. 320ರ ಎಮರಿಯಿಂದ ಉಜ್ಜಿದರೆ ಹೋಗುತ್ತವೆ. ಮುಂದಿನ ಸಲ ಹೊಸ ರೋಲರನ್ನು ತೊಳೆದು ಒಣಗಿಸಿ, ಅಂಟುಪಟ್ಟಿ ಸುತ್ತಿ ಕಿತ್ತು, ಸಡಿಲ ಎಳೆ ತೆಗೆದು ಬಳಸಿ.

ಧೂಳಿನ ಕಣ ಕೂತಿದ್ದರೂ ಮದ್ದು ಇದೇ. ಸಂಡೂರು, ಬಳ್ಳಾರಿ ಕಡೆ ಅದಿರಿನ ಲಾರಿ ಓಡಾಡುವ ರಸ್ತೆ ಬದಿಯ ಮನೆಗಳಲ್ಲಿ ಹಸಿ ಬಿಳಿ ಗೋಡೆಯ ಮೇಲೆ ಕೆಂಪು ಚುಕ್ಕೆ ಕೂರುವುದು ಮಾಮೂಲು. ಕೆಲಸಕ್ಕೆ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಸರಳುಗಳಿಗೆ ಒದ್ದೆ ಸೀರೆಯೋ ಲುಂಗಿಯೋ ಕಟ್ಟಿದರೆ ಬಹಳಷ್ಟು ತಡೆಯುತ್ತದೆ. ಕಣ ಕೂತ ಹಸಿ ಬಣ್ಣವನ್ನು ಒರೆಸಲು ಹೋದರೆ ಕೆಂಪು ಎಳೆದುಕೊಂಡು ಹರಡುತ್ತದೆ, ಒಣಗಲು ಬಿಡಿ.

ಪುಟ್ಟಿ ಹಾಕಿದಲ್ಲಿ ಮಂಕು

ಮೊಳೆಯ ತೂತು, ಕಿತ್ತುಹೋದ ಜಾಗಕ್ಕೆ ಪುಟ್ಟಿ ತುಂಬಿ ನೇರ ಬಣ್ಣ ಹಚ್ಚಿದರೆ ಪುಟ್ಟಿ ಬಣ್ಣವನ್ನು ಹೀರುತ್ತದೆ. ಸುತ್ತಲೂ ಹೊಳಪು, ಅಲ್ಲಿ ಮಾತ್ರ ಮಂಕು. ಇದಕ್ಕೆ ಮೂರು ಕೈ ಬಣ್ಣ ಹಚ್ಚಿದರೂ ಮಚ್ಚೆ ಉಳಿಯಬಹುದು, ಒಂದು ಕೈ ಪ್ರೈಮರ್ ಹಚ್ಚಿದರೆ ಹೋಗುತ್ತದೆ. ಮಚ್ಚೆಗಿಂತ ಎರಡಿಂಚು ಹೊರಗಿನವರೆಗೆ ಪ್ರೈಮರ್ ಹಚ್ಚಿ, ಒಣಗಿಸಿ, ನಂತರ ಇಡೀ ಗೋಡೆಗೆ ಒಂದು ಕೈ. ಪುಟ್ಟಿಯನ್ನು ತೆಳುವಾಗಿ ಎರಡು ಸಲ ಎಳೆಯಬೇಕು, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟದಿರಲಿ. ಆಳದ ಕುಳಿಗೆ ಪುಟ್ಟಿ ತುಂಬಿದರೆ ಒಣಗಿ ಬಿರಿಯುತ್ತದೆ, ಅಲ್ಲಿಗೆ ಸಿಮೆಂಟು ಮರಳಿನ ಗಾರೆಯೇ ಆಗಬೇಕು.

ಹಾಳೆಯಂತೆ ಏಳುವ ಬಣ್ಣ

ನಮ್ಮ ಹಳೆಯ ಮನೆಗಳಿಗೆ ವರ್ಷ ವರ್ಷ ದೀಪಾವಳಿಗೋ ಉಗಾದಿಗೋ ನೀಲಿ ಬೆರೆಸಿದ ಸುಣ್ಣ ಹೊಡೆದು ಪದರ ಪದರವಾಗಿ ಕೂತಿರುತ್ತದೆ. ಅದರ ಮೇಲೆ ಡಿಸ್ಟೆಂಪರೋ ಎಮಲ್ಷನ್ನೋ (ಎರಡೂ ನೀರು ಬೆರೆಸಿ ಹಚ್ಚುವ ಬಣ್ಣಗಳು) ಹಚ್ಚಿದರೆ ಬಣ್ಣ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನು. ಅಂಗೈಯಿಂದ ಗೋಡೆ ಉಜ್ಜಿ, ಕೈ ಬೆಳ್ಳಗಾದರೆ ಇದೇ ಕಾರಣ. ಇನ್ನೂ ಖಚಿತವಾಗಬೇಕಿದ್ದರೆ ಅಗಲದ ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ ಒಮ್ಮೆಲೇ ಎಳೆಯಿರಿ. ಬಣ್ಣ ಪಟ್ಟಿಯ ಜೊತೆ ಬಂದರೆ ಅಲ್ಲಲ್ಲಿ ತೇಪೆ ಹಾಕಿ ಉಪಯೋಗವಿಲ್ಲ, ಅಷ್ಟೂ ಗೋಡೆ ಕೆರೆಯಬೇಕು.

ಕೆರೆಯುವ ಕೆಲಸ ಒರಟು, ಆದರೆ ಕಷ್ಟವಲ್ಲ. ನಾಲ್ಕಡಿ ಅಗಲದಷ್ಟು ಗೋಡೆಗೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ. ನೀರು ಕುಡಿದ ಸುಣ್ಣ ಮೆತ್ತಗಾಗಿ, ಬ್ಲೇಡಿನ ಮುಂದೆ ಕೆನೆಯಂತೆ ಮಡಿಚಿಕೊಂಡು ಬರುತ್ತದೆ. ಒಣ ಗೋಡೆ ಕೆರೆದರೆ ಕೋಣೆ ತುಂಬ ಪುಡಿ, ಕಣ್ಣಿಗೂ ಉರಿ. ಗಾರೆ ಕಾಣುವವರೆಗೆ ಕೆರೆದು, ನಾರಿನ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಎರಡು ಮೂರು ದಿನ ಒಣಗಿಸಿ. ಮತ್ತೆ ಅಂಗೈ ಉಜ್ಜಿ ನೋಡಿ, ಬಿಳಿ ಅಂಟದಿದ್ದರೆ ಪ್ರೈಮರ್, ಪುಟ್ಟಿ, ಉಜ್ಜುವಿಕೆ, ಮತ್ತೊಂದು ಪ್ರೈಮರ್, ಆಮೇಲೆ ಬಣ್ಣ.

ಕಲ್ಲು ಮಣ್ಣಿನಲ್ಲಿ ಕಟ್ಟಿದ ಮಾಳಿಗೆ ಮನೆಗಳಿಗೆ ಮಾತ್ರ ನನ್ನ ಸಲಹೆ ಬೇರೆ: ಎಮಲ್ಷನ್ ಬೇಡವೇ ಬೇಡ. ಆ ಗೋಡೆ ತೇವವನ್ನು ಒಳಗೆ ತೆಗೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕೂತರೆ ತೇವ ಒಳಗೇ ಉಳಿದು ಮಣ್ಣಿನ ಗಾರೆಯನ್ನೇ ಸಡಿಲಿಸುತ್ತದೆ. ಅಲ್ಲಿ ಬಣ್ಣ ಕೆಟ್ಟಿದ್ದರೆ ಕೆರೆದು ತೆಗೆದು ಸುಣ್ಣಕ್ಕೇ ಮರಳಿ. ಗೋಡೆ ಒದ್ದೆ ಮಾಡಿ, ಬಟ್ಟೆಯಲ್ಲಿ ಸೋಸಿದ ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಮೂರು ಕೈ ಹೊಡೆಯಿರಿ. ಹಸಿ ಇದ್ದಾಗ ಏನೂ ಹಿಡಿದಿಲ್ಲ ಎನಿಸುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಆ ಗಾಬರಿಯಲ್ಲಿ ದಪ್ಪ ಹೊಡೆದರೇ ಸುಣ್ಣ ಚಕ್ಕೆ ಏಳುವುದು.

ಅಡುಗೆಮನೆಯ ಎಣ್ಣೆ ಬಣ್ಣದ ಗೋಡೆಗೂ ಹೊಸ ಬಣ್ಣ ಹಿಡಿಯುವುದಿಲ್ಲ. ಮೊದಲು ಸೋಪಿನ ಬಿಸಿನೀರಿನಿಂದ ಜಿಡ್ಡು ತೊಳೆಯಬೇಕು, ನಂತರ ಹೊಳಪು ಹೋಗುವಷ್ಟು ಉಜ್ಜಬೇಕು, ಆಮೇಲೆ ಪ್ರೈಮರ್. ಇಲ್ಲಿ ಒಂದು ಎಚ್ಚರಿಕೆ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ಕೆಲಸ ಮಾಡಿ. ಒಣ ಉಜ್ಜುವಿಕೆ ಬೇಡ, ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಬೇಡಿ. ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಎತ್ತಿ.

ಬುಡದಲ್ಲಿ ಏಳುವ ಉಪ್ಪು

ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭೂಮಿಯಲ್ಲಿ ಸವಳು ಏಳುವುದನ್ನು ರೈತರಿಗೆ ಹೇಳಿಕೊಡಬೇಕಿಲ್ಲ. ಮನೆಯ ಗೋಡೆಯಲ್ಲಿ ನಡೆಯುವುದೂ ಅದೇ. ನೆಲದ ತೇವ ಇಟ್ಟಿಗೆ, ಗಾರೆಯ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ, ಜೊತೆಗೆ ಕರಗಿದ ಉಪ್ಪನ್ನೂ ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಬಣ್ಣದ ಹಿಂದೆ ಉಳಿದು ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಮೊಣಕಾಲಿನಿಂದ ಸೊಂಟದ ಎತ್ತರದವರೆಗೆ ಬಣ್ಣ ಉಬ್ಬಿ, ಮುಟ್ಟಿದರೆ ಬಿಳಿ ಪುಡಿ ಉದುರಿದರೆ ಇದೇ ಎಂದು ತಿಳಿಯಿರಿ. ಗಾರೆಗೆ, ಕ್ಯೂರಿಂಗಿಗೆ (ಗಾರೆ ಗಟ್ಟಿಯಾಗಲು ನೀರುಣಿಸುವುದಕ್ಕೆ) ಸವಳು ನೀರು ಬಳಸಿದ ಹೊಸ ಮನೆಯಲ್ಲೂ ಹೀಗಾಗುತ್ತದೆ.

ತೇವ ಇನ್ನೂ ಇದೆಯೇ ಎಂದು ತಿಳಿಯಲು ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, ಒಂದು ಇಡೀ ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿ ಕಂಡರೆ ಗೋಡೆಯಿಂದ ತೇವ ಬರುತ್ತಿದೆ. ಆಗ ಬಣ್ಣದ ಡಬ್ಬಿ ಮುಚ್ಚಿಟ್ಟು ನೀರಿನ ಮೂಲ ಹುಡುಕಿ. ಹಿಂದಿನ ಬಚ್ಚಲಿನ ಪೈಪು, ಗೋಡೆಗೆ ಒತ್ತಿ ಇಟ್ಟ ನೀರಿನ ತೊಟ್ಟಿ, ಹೊರಗೆ ಗೋಡೆಯ ಬುಡಕ್ಕೇ ಹರಿಯುವ ಪಾತ್ರೆ ತೊಳೆದ ನೀರು, ಮಾಳಿಗೆಯ ಮಳೆನೀರಿನ ದೋಣಿ: ಬಹುಪಾಲು ಇವುಗಳಲ್ಲೊಂದು. ಅದನ್ನು ಸರಿಪಡಿಸದೆ ಒಳಗಿನಿಂದ ಎಷ್ಟೇ ದುಬಾರಿ ಬಣ್ಣ ಹಚ್ಚಿದರೂ ಹಣ ನೀರಿಗೆ ಹಾಕಿದಂತೆ.

ಮೂಲ ನಿಂತ ಮೇಲೆ ಸಡಿಲ ಬಣ್ಣ, ಪುಟ್ಟಿ ಎಲ್ಲ ಕೆರೆಯಿರಿ, ಉಬ್ಬಿದ ಜಾಗಕ್ಕಿಂತ ಒಂದಡಿ ಮೇಲಿನವರೆಗೂ. ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ ಮೊರದಲ್ಲಿ ಹಿಡಿದು ಹೊರಗೆ ಎಸೆಯಿರಿ. ಹೆಚ್ಚಿನವರು ಇಲ್ಲಿ ನೀರು ಹಾಕಿ ತೊಳೆಯುತ್ತಾರೆ. ಆಗ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಗೋಡೆಯನ್ನು ಬರಿ ಮೈಯಲ್ಲೇ ಬಿಟ್ಟು ಗಾಳಿಯಾಡಲು ಬಿಡಿ. ವಾರಕ್ಕೊಮ್ಮೆ ಮತ್ತೆ ಒಣ ಬ್ರಷ್. ಹೊಸದಾಗಿ ಉಪ್ಪು ಹೂ ಬಿಡುವುದು ನಿಂತು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲೂ ಹನಿ ಕಾಣದಿದ್ದರೆ ಮಾತ್ರ ಮುಂದಕ್ಕೆ. ನಮ್ಮ ಬೇಸಿಗೆ ಬಣ್ಣ ಹಚ್ಚಲು ಶತ್ರು, ಗೋಡೆ ಒಣಗಿಸಲು ಮಾತ್ರ ಅದರಂಥ ನೆಂಟನಿಲ್ಲ. ಮಾರ್ಚಿನಲ್ಲಿ ಕೆರೆದಿಟ್ಟು, ಮಳೆ ಹಿಂದೆ ಸರಿದು ಹವೆ ತಂಪಾದ ನವೆಂಬರಿನಲ್ಲಿ ಬಣ್ಣ ಹಚ್ಚುವವರ ಗೋಡೆ ಬಾಳುತ್ತದೆ. ಮಳೆಗಾಲದಲ್ಲಿ ಗೋಡೆ ಹೇಗಿತ್ತೆಂಬುದೂ ಆಗ ಗೊತ್ತಾಗಿರುತ್ತದೆ.

ಹೊಸ ಗಾರೆಯಾದರೆ ಕನಿಷ್ಠ 28 ದಿನ ಬಿಡಬೇಕು. ಬೇಗ ಹಚ್ಚಿದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಟ್ಟು ಮಚ್ಚೆ ಮಾಡುತ್ತದೆ.

ಬಚ್ಚಲಿನ ಹಿಂಗೋಡೆಯಲ್ಲಿ ಕಪ್ಪು ಬೂಷ್ಟು ಕಂಡರೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ತೊಳೆದು ಒಣಗಿಸಿ. ಆಸಿಡ್ ಜೊತೆ ಬ್ಲೀಚ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.

ಎರೆಮಣ್ಣಿನ ಬಿರುಕು

ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲಿನ ಮನೆಯೂ ಅದರೊಡನೆ ಅಲುಗುತ್ತದೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಹೆಚ್ಚಾಗಿ ಇದರಿಂದಲೇ. ಬಿರುಕಿನ ಎರಡೂ ತುದಿಗೆ ಸೀಸದಕಡ್ಡಿಯಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಗೆರೆ ದಾಟಿ ಬೆಳೆಯುತ್ತಿದ್ದರೆ, ಅಥವಾ ಮೂರು ಮಿಲಿಮೀಟರಿಗಿಂತ ಅಗಲವಾಗಿದ್ದರೆ ಎಂಜಿನಿಯರಿಗೆ ತೋರಿಸಿ, ಅದು ಪೇಂಟರ್ ಕೆಲಸವಲ್ಲ. ಕೂದಲೆಳೆಯ ಬಿರುಕಾದರೆ ಬ್ಲೇಡಿನ ಮೂಲೆಯಿಂದ ಬಾಯಿ ಅಗಲಿಸಿ, ಪುಡಿ ತೆಗೆದು, ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಬಾಯಿ ಅಗಲಿಸದೆ ಮೇಲೆ ಸವರಿದ ಪುಟ್ಟಿ ಒಳಕ್ಕಿಳಿಯುವುದೇ ಇಲ್ಲ. ಕಾಂಕ್ರೀಟ್ ಬೀಮು ಮತ್ತು ಇಟ್ಟಿಗೆ ಕೂಡುವಲ್ಲಿ ನೇರ ಅಡ್ಡ ಬಿರುಕು ಇದ್ದರೆ ಫಿಲ್ಲರಿನ ಮೇಲೆ ಫೈಬರ್ ಜಾಲರಿ ಟೇಪು ಅಂಟಿಸಿ ಪುಟ್ಟಿ ಎಳೆಯಬೇಕು, ಇಲ್ಲದಿದ್ದರೆ ಮತ್ತೆ ಅದೇ ಗೆರೆಯಲ್ಲಿ ಬಿಡುತ್ತದೆ.

ಬಣ್ಣವೇ ಒಪ್ಪದಿದ್ದರೆ

ಒಂದು ದಿನ ಕಳೆಯುವವರೆಗೆ ತೀರ್ಮಾನಿಸಬೇಡಿ. ಎಮಲ್ಷನ್ ಒಣಗುತ್ತ ತುಸು ಗಾಢವಾಗುತ್ತದೆ, ಟ್ಯೂಬ್‌ಲೈಟಿಗೂ ಹಗಲಿಗೂ ಬೇರೆಯೇ ಕಾಣುತ್ತದೆ. ನಿಜಕ್ಕೂ ಬೇಡವಾದರೆ, ಗಾಢ ಬಣ್ಣದ ಮೇಲೆ ತಿಳಿ ಬಣ್ಣವನ್ನು ನಾಲ್ಕೈದು ಕೈ ಹೊಡೆಯುವ ಬದಲು ಒಂದು ಕೈ ಬಿಳಿ ಪ್ರೈಮರ್ ಹಚ್ಚಿ ಎರಡು ಕೈ ಬಣ್ಣ ಹಚ್ಚಿ. ಬಣ್ಣವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಅರ್ಧ ಗೋಡೆಗೆ ಡಬ್ಬಿ ಮುಗಿದು ಹೊಸದು ತಂದಾಗ ಛಾಯೆ ತುಸು ಬೇರೆಯಾಗುವುದುಂಟು. ಹತ್ತಡಿ ಎತ್ತರದ, ಹತ್ತಕ್ಕೆ ಹತ್ತರ ಕೋಣೆಯ ಗೋಡೆ ಒಟ್ಟು 400 ಚದರ ಅಡಿ. ಪುಟ್ಟಿ ಹಾಕಿದ ನುಣುಪು ಗೋಡೆಗೆ ಲೀಟರಿಗೆ ಒಂದು ಕೈಗೆ ಸುಮಾರು 100ರಿಂದ 140 ಚದರ ಅಡಿ ಬರುತ್ತದೆ. ಎರಡು ಕೈಗೆ ಏಳೆಂಟು ಲೀಟರ್ ಎಂದು ಹಿಡಿದು ಒಮ್ಮೆಗೇ ತಂದು, ಎಲ್ಲ ಡಬ್ಬಿಯನ್ನೂ ದೊಡ್ಡ ಬಕೆಟ್ಟಿನಲ್ಲಿ ಬೆರೆಸಿಕೊಂಡು ಶುರುಮಾಡಿ. ಈಗಾಗಲೇ ಬೇರೆಯಾಗಿದ್ದರೆ ಮೂಲೆಯಿಂದ ಮೂಲೆಗೆ ಒಂದು ಗೋಡೆ ಪೂರ್ತಿ ಹಚ್ಚಿ. ಮೂಲೆ ತಿರುಗಿದ ಮೇಲಿನ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ನೆಲಕ್ಕೆ ಬಿದ್ದ ಬಣ್ಣ

ಹಸಿ ಇದ್ದರೆ ಒದ್ದೆ ಬಟ್ಟೆ ಸಾಕು. ಒಣಗಿದ್ದರೆ ಬಿಸಿನೀರಿನ ಬಟ್ಟೆಯನ್ನು ಕಾಲು ತಾಸು ಮೇಲೆ ಹಾಕಿಟ್ಟು, ಪ್ಲಾಸ್ಟಿಕ್ ಸ್ಕೇಲಿನಿಂದ ಎಬ್ಬಿಸಿ. ಶಹಾಬಾದಿ ಬಂಡೆಯ ನೆಲಕ್ಕೆ ಆಸಿಡ್ ಸುರಿಯಬೇಡಿ. ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದಲ್ಲಿ ನೊರೆ ಬಂದು ಮೈ ತಿಂದುಹೋಗುತ್ತದೆ, ಆ ಮಚ್ಚೆಯನ್ನು ಮತ್ತೆ ಪಾಲಿಶ್ ಮಾಡಿಸದೆ ತೆಗೆಯಲಾಗದು. ಬಾಗಿಲ ಚೌಕಟ್ಟಿಗೆ ಅಂಟಿಸಿದ ಟೇಪನ್ನು ಬಣ್ಣ ಇನ್ನೂ ತುಸು ಹಸಿ ಇರುವಾಗಲೇ ಓರೆಯಾಗಿ ಎಳೆದು ತೆಗೆಯಬೇಕು. ಒಣಗಿಹೋಗಿದ್ದರೆ ಅಂಚಿನುದ್ದಕ್ಕೂ ಬ್ಲೇಡಿನಿಂದ ಗೀರಿಕೊಂಡು ಎಳೆಯಿರಿ, ಇಲ್ಲದಿದ್ದರೆ ಗೋಡೆಯ ಬಣ್ಣವೂ ಜೊತೆಗೆ ಬರುತ್ತದೆ.

ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಬಾಯಿತುಂಬ ಸುರಿದು, ಬಿಗಿಯಾಗಿ ಮುಚ್ಚಿ, ಛಾಯೆಯ ನಂಬರು, ಕೋಣೆಯ ಹೆಸರು, ತಾರೀಕು ಬರೆದು ಮನೆಯೊಳಗೆ ನೆರಳಿನಲ್ಲಿಡಿ. ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿಟ್ಟರೆ ಒಂದೇ ಬೇಸಿಗೆಗೆ ಗಟ್ಟಿಯಾಗುತ್ತದೆ.